ವೆಂಕೋಬರಾಯರ ಮೂರನೆಯ ಗೆರೆ

ಜಯನಗರದ ನಾಲ್ಕನೇ ಬ್ಲಾಕಿನ ರಸ್ತೆಯ ನಟ್ಟನಡುವೆ ನಿಂತು, ಬಲಗೈ ಉದ್ದಕ್ಕೆ ಚಾಚಿ, ಹೆಬ್ಬೆರಳು ನೆಟ್ಟಗೆ ಮಾಡಿ, ಒಂದು ಕಣ್ಣು ಮುಚ್ಚಿಕೊಂಡು ಎದುರಿಗೆ ಬರುವ ಬಸ್ಸನ್ನು ನೋಡುತ್ತಿದ್ದ ಮನುಷ್ಯರು ಇಡೀ ಬೆಂಗಳೂರಿನಲ್ಲಿ ಒಬ್ಬರೇ. ಡ್ರೈವರು ಹಾರನ್ ಒತ್ತಿ ಒತ್ತಿ ಸೋತು, ಕಿಟಕಿಯಿಂದ ತಲೆ ಹೊರಹಾಕಿ, "ಯಜಮಾನ್ರೇ, ಹತ್ತೋದಾದ್ರೆ ಹತ್ತಿ, ಸಾಯೋದಾದ್ರೆ ಬೇರೆ ಬಸ್ ನೋಡ್ಕೊಳ್ಳಿ" ಎಂದರೆ, ವೆಂಕೋಬರಾಯರು ಮುಚ್ಚಿದ ಕಣ್ಣು ತೆರೆಯದೆಯೇ, "ಇರಯ್ಯ. ನಿನ್ನ ಬಸ್ಸು ಎಡಕ್ಕೆ ವಾಲಿದೆ, ಸ್ಪ್ರಿಂಗ್ ತೋರಿಸು" ಎನ್ನುತ್ತಿದ್ದರು.

ಬಸ್ಸೊಂದೇ ಅಲ್ಲ. ತರಕಾರಿಯವನ ತಕ್ಕಡಿ, ಮದುವೆಮನೆಯ ಚಪ್ಪರದ ಗಳ, ಎದುರು ಸೈಟಿನಲ್ಲಿ ಮೇಸ್ತ್ರಿ ಕಟ್ಟುತ್ತಿದ್ದ ಗೋಡೆ, ಎಲ್ಲದರ ಮುಂದೂ ಆ ಹೆಬ್ಬೆರಳು ಏಳುತ್ತಿತ್ತು. ಒಮ್ಮೆ ನನ್ನನ್ನು ನೋಡಲು ಊರಿನಿಂದ ಬಂದಿದ್ದ ಸೋದರತ್ತೆಯ ಮುಂದೆಯೂ ಎದ್ದಿತು. "ಯಾರೋ ಇವ್ರು, ನನಗೆ ಹೆಬ್ಬೆಟ್ಟು ಆಡಿಸೋರು?" ಎಂದು ಅತ್ತೆ ಕೆಂಡವಾದಳು. ರಾಯರು ಗಂಭೀರವಾಗಿ, "ಕೋಪ ಮಾಡ್ಕೋಬೇಡಿ ತಾಯಿ. ಹಿಂದಿರೋ ತೆಂಗಿನಮರ ಎಷ್ಟು ದೂರ ಅಂತ ನೋಡ್ತಿದ್ದೆ. ನೀವು ಅಡ್ಡ ಬಂದ್ರಿ, ಮರ ಪೂರ್ತಿ ಮರೆಯಾಗಿಹೋಯ್ತು" ಎಂದರು. ಅತ್ತೆ ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ನನ್ನ ಮಟ್ಟಿಗೆ ರಾಯರು ಮಾಡಿದ ಮೊದಲ ಉಪಕಾರ ಅದು.

ನಾನು ಆಗ ಅವರ ಮನೆಯ ಹಿತ್ತಲಿನ ಒಂಟಿಕೋಣೆಯಲ್ಲಿ ಬಾಡಿಗೆಗಿದ್ದೆ. ನಕ್ಷೆ ತಯಾರಿಸುವ ಸರ್ಕಾರಿ ಕಚೇರಿಯೊಂದರಲ್ಲಿ ಟ್ರೇಸರ್ ಕೆಲಸ. ಬೇರೆಯವರು ಬರೆದಿಟ್ಟ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ, ಅದೇ ಗೆರೆಗಳನ್ನು ಮತ್ತೆ ಎಳೆಯುವುದು. ಕಚೇರಿಯಲ್ಲಿ ಗೆರೆಯ ನಕಲು, ಹೊರಗೆ ಗಂಟಲಿನ ನಕಲು. ಬಸ್ ಕಂಡಕ್ಟರು, ಹರಿಕಥೆ ದಾಸರು, ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ನರ ಕೆಮ್ಮು, ಅವರು ಕೆಮ್ಮುವ ಮೊದಲು ಸೀಲಿಂಗ್ ನೋಡುವ ರೀತಿ, ಎಲ್ಲವೂ ನನ್ನಲ್ಲಿ ಸ್ಟಾಕ್ ಇದ್ದವು. ನನ್ನದು ಅಂತ ನನಗಿದ್ದದ್ದು ಮೂಗೊಂದೇ. ಅದೂ ಅಪ್ಪನ ಮೂಗಿನ ನಕಲು, ಅದೂ ಸ್ವಲ್ಪ ದೊಡ್ಡ ಸ್ಕೇಲಿನಲ್ಲಿ.

ಬಾಡಿಗೆಗೆ ಬಂದ ಹೊಸತರಲ್ಲಿ ಒಂದು ಬೆಳಗ್ಗೆ ನಲ್ಲಿಯ ಹತ್ತಿರ ಹಾಲಿನವನಿಗೆ ರಾಯರನ್ನು ಮಾಡಿ ತೋರಿಸುತ್ತಿದ್ದೆ. ಕೈ ಚಾಚಿದ್ದೇನೆ, ಕಣ್ಣು ಮುಚ್ಚಿದ್ದೇನೆ, ಹಾಲಿನವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾನೆ. ಇದ್ದಕ್ಕಿದ್ದಂತೆ ಅವನ ನಗು ನಿಂತಿತು. ಹಿಂದಿನಿಂದ ದನಿ ಬಂತು: "ಮೊಣಕೈ ಮಡಚಿದೆ."

ರಾಯರು. ಓಡೋಣವೆಂದರೆ ಒಂದು ಕೈಯಲ್ಲಿ ಬಕೆಟ್ಟು. ಅವರು ಹತ್ತಿರ ಬಂದು ನನ್ನ ತೋಳನ್ನು ನೆಟ್ಟಗೆ ಮಾಡಿ, "ಮುಚ್ಚೋದು ಎಡಗಣ್ಣು. ನೀನು ಬಲಗಣ್ಣು ಮುಚ್ಚಿದ್ರೆ ಮರ ಜಿಗಿದು ಪಕ್ಕದ ಮನೆಗೆ ಹೋಗುತ್ತೆ. ಅಣಕಿಸೋದಾದ್ರೆ ಸರಿಯಾಗಿ ಅಣಕಿಸು" ಎಂದು ತಿದ್ದಿ, ಹಾಲು ತೆಗೆದುಕೊಂಡು ಒಳಗೆ ಹೋದರು. ಅಂದಿನಿಂದ ನನಗೆ 'ಟ್ರೇಸಿಂಗ್ ಪೇಪರ್' ಎಂದು ಹೆಸರಾಯಿತು. ಸಂಜೆಯ ಕಾಫಿಗೆ ಅವರು ನನ್ನನ್ನು ಕರೆಯುತ್ತಿದ್ದುದೇ ಹಾಗೆ: "ಲೋ ಟ್ರೇಸಿಂಗ್ ಪೇಪರ್, ಬಾರೋ. ಇವತ್ತು ಯಾರನ್ನ ತಂದಿದೀಯ?"

ನಾನು ಅಂದಿನ ಸರಕು ಬಿಚ್ಚುತ್ತಿದ್ದೆ. ಅವರ ಹೆಂಡತಿ ಪದ್ಮಾವತಮ್ಮನವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ರಾಯರು ಮಾತ್ರ ಪರೀಕ್ಷಕರ ಹಾಗೆ ಕೂತಿದ್ದು ಕಡೆಯಲ್ಲಿ ಹೇಳುತ್ತಿದ್ದರು: "ಗಂಟಲು ಬಂದಿದೆ, ಆಳು ಬಂದಿಲ್ಲ. ಎರಡು ಕಡೆಯಿಂದ ನೋಡಿದೀಯ ಅಷ್ಟೆ. ಮೂರನೇ ಕಡೆಯಿಂದ ನೋಡ್ಕೊಂಡು ಬಾ."

ಈ ಮೂರನೇ ಕಡೆ ಎನ್ನುವುದು ಅವರ ಕಸುಬಿನ ಮಂತ್ರ. ರಾಯರು ಪಿಂಚಣಿಗೆ ಬರುವ ಮೊದಲು ಸರ್ವೆಯರು. ಮುಕ್ಕಾಲಿಯ ಮೇಲೊಂದು ಹಲಗೆ, ಹಲಗೆಯ ಮೇಲೆ ಕಾಗದ, ಕಾಗದದ ಮೇಲೆ ಗುರಿ ನೋಡುವ ಪಟ್ಟಿ, ತಲೆಯ ಮೇಲೆ ಛತ್ರಿ. ಇಷ್ಟೇ ಅವರ ಸಂಸಾರ. ದೂರದ ಬೆಟ್ಟದ ನೆತ್ತಿಗೆ ಜೊತೆಯ ಆಳು ಖಲಾಸಿ ಹತ್ತಿ ಬಿಳಿಬಾವುಟ ನಿಲ್ಲಿಸುತ್ತಾನೆ. ಇವರು ಒಂದು ಜಾಗದಿಂದ ಅದನ್ನು ಗುರಿಹಿಡಿದು ಕಾಗದದ ಮೇಲೆ ಗೆರೆ ಎಳೆಯುತ್ತಾರೆ. ಇನ್ನೊಂದು ಜಾಗಕ್ಕೆ ಹೋಗಿ ಇನ್ನೊಂದು ಗೆರೆ. ಎರಡೂ ಗೆರೆ ಕೂಡುವ ಕಡೆ ಬೆಟ್ಟ. "ಎರಡು ಗೆರೆ ಎಲ್ಲಾದ್ರೂ ಒಂದು ಕಡೆ ಕೂಡೇ ಕೂಡುತ್ವೆ, ಅದೇನು ದೊಡ್ಡ ವಿಷಯ ಅಲ್ಲ," ಎನ್ನುತ್ತಿದ್ದರು ರಾಯರು. "ಮೂರನೇ ಜಾಗದಿಂದ ಎಳೆದ ಗೆರೇನೂ ಅಲ್ಲೇ ಬಂದು ಬಿದ್ರೆ, ಆಗ ಅದು ಬೆಟ್ಟ. ಅಲ್ಲೀವರೆಗೆ ಬರೀ ಗಾಳಿಸುದ್ದಿ." ಹೆಣ್ಣು-ಗಂಡು ನೋಡುವವರಿಗೂ ಇದೇ ಸಲಹೆ, ಮಾವಿನಹಣ್ಣು ಕೊಳ್ಳುವವರಿಗೂ ಇದೇ.

ಅವರು ದೇಶದ ಎಷ್ಟೋ ಕಾಡುಮೇಡು ಅಳೆದಿದ್ದರು. ಆದರೆ ಬಾಯಿಗೆ ಬರುತ್ತಿದ್ದುದು ಒಂದೇ ನಕ್ಷೆಯ ಶೀಟು: ಕಲ್ಲುಬಾಗಿಲು ಜಂಕ್ಷನ್. ಘಟ್ಟದ ಕಂಕುಳಲ್ಲಿ ಸಿಕ್ಕಿಕೊಂಡಂತಿದ್ದ ರೈಲ್ವೆ ಸ್ಟೇಷನ್ನು. ಕರಾವಳಿಯಿಂದ ಏದುಸಿರು ಬಿಡುತ್ತಾ ಹತ್ತಿ ಬರುವ ಲೈನೊಂದು, ಬಯಲುಸೀಮೆಯಿಂದ ನಿರಾಳವಾಗಿ ಬರುವ ಲೈನೊಂದು, ಎರಡೂ ಅಲ್ಲಿ ಸೇರಿ ಸುರಂಗದೊಳಗೆ ನುಗ್ಗುತ್ತವೆ. ಮೇಲೆ ಒಂದು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಪುಟ್ಟ ಗುಡಿ. ಮೀಸೆ ಮೂಡಿ ಇನ್ನೂ ಹಳತಾಗದ ವಯಸ್ಸಿನಲ್ಲಿ ರಾಯರು ಸ್ವತಂತ್ರವಾಗಿ ಅಳೆದ ಮೊದಲ ಶೀಟು ಅದು. ಅದರ ಅಚ್ಚಾದ ಪ್ರತಿ ಅವರ ನಡುಮನೆಯಲ್ಲಿ ಗಾಜು ಹಾಕಿಸಿಕೊಂಡು, ತಿರುಪತಿ ತಿಮ್ಮಪ್ಪನಿಗೂ ಮಂತ್ರಾಲಯದ ಗುರುಗಳಿಗೂ ನಡುವೆ ತೂಗುತ್ತಿತ್ತು. ಮಂಗಳಾರತಿ ಮೂರಕ್ಕೂ ಆಗುತ್ತಿತ್ತು. ಯಾರೇ ಬಂದರೂ ಅದರ ಮುಂದೆ ನಿಲ್ಲಿಸಿ ಹೇಳುತ್ತಿದ್ದ ಮಾತು: "ಅಚ್ಚಾಗಿ ಮೂವತ್ತು ವರ್ಷದ ಮೇಲಾಯ್ತು. ಇವತ್ತಿನವರೆಗೆ ಈ ಶೀಟಿನ ಮೇಲೆ ಒಂದು ಪ್ರಶ್ನೆ ಬಂದಿಲ್ಲ."

ಪದ್ಮಾವತಮ್ಮನವರು ಒಳಗಿನಿಂದ, "ಯಾರೂ ಅದನ್ನ ತೆಗೆದು ನೋಡಿಲ್ಲ ಅಂತಾನೂ ಇರಬಹುದು" ಎನ್ನುತ್ತಿದ್ದರು.

ಜಯನಗರವೆಂದರೆ ಆಗ ರಸ್ತೆಗಳು ಮೊದಲು ಹುಟ್ಟಿ ಮನೆಗಳು ಆಮೇಲೆ ಹುಟ್ಟುತ್ತಿದ್ದ ಊರು. ಬನಶಂಕರಿ ದಾಟಿದರೆ ರಾಗಿಹೊಲ. ಭಾನುವಾರ ರಾಯರು ನನ್ನನ್ನು ಉತ್ತರಹಳ್ಳಿಯ ದಾರಿ ಹಿಡಿಸಿ ವಸಂತಪುರದ ಗುಡ್ಡಕ್ಕೆ ಕರೆದೊಯ್ಯುತ್ತಿದ್ದರು. ಎದೆ ಸ್ವಲ್ಪ ಹಿಡಿದುಕೊಳ್ಳುತ್ತಿದ್ದುದರಿಂದ ಗುಡ್ಡದ ಬುಡದ ಹುಣಸೆಮರದಡಿ ಕೂತು ಮೇಲೆ ನೋಡುತ್ತಾ, "ಇದು ಬೆಟ್ಟ ಅಲ್ಲ ಕಣೋ, ಬೆಟ್ಟದ ಕರಡುಪ್ರತಿ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಡಾಕ್ಟರು ಬೆಟ್ಟ ಹತ್ತಕೂಡದು ಎಂದಿದ್ದರು. ಮಹಡಿ ಮೆಟ್ಟಿಲನ್ನೂ ಯೋಚನೆ ಮಾಡಿ ಹತ್ತಬೇಕಂತೆ. ಕರಡುಪ್ರತಿಯೂ ಇಲ್ಲದ ಬಾಳು.

ಅದಕ್ಕೇ ಇರಬೇಕು, ಅವರು ಪ್ರತಿ ದಸರಾದಲ್ಲಿ ಬೆಟ್ಟವನ್ನೇ ಮನೆಗೆ ತರಿಸುತ್ತಿದ್ದರು. ನಮ್ಮ ಕಡೆ ಗೊಂಬೆ ಕೂರಿಸುವವರು ಕೆಳಗೆ ಒಂದು ಪಾರ್ಕು ಮಾಡಿ ರಾಗಿ ಚೆಲ್ಲಿ ಪೈರು ಬರಿಸುತ್ತಾರಲ್ಲ, ರಾಯರ ಮನೆಯಲ್ಲಿ ಪಾರ್ಕಿನ ಬದಲು ಕಲ್ಲುಬಾಗಿಲು ಜಂಕ್ಷನ್. ನಕ್ಷೆಯ ಮೇಲೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳಿರುತ್ತವೆ, ಕಂಟೂರು ಎನ್ನುತ್ತೇವೆ. ಒಂದೊಂದು ಕಂಟೂರಿಗೂ ಒಂದೊಂದು ರಟ್ಟು ಕತ್ತರಿಸಿ ಒಂದರ ಮೇಲೊಂದು ಅಂಟಿಸಿದರೆ ಬೆಟ್ಟ ತಾನಾಗಿ ಏಳುತ್ತದೆ. ರಾಯರು ಗೆರೆ ಹಾಕಿಕೊಡುವುದು, ಪದ್ಮಾವತಮ್ಮನವರು ಕತ್ತರಿಸುವುದು. ವರ್ಷ ವರ್ಷ ಕತ್ತರಿಸಿ ಅವರಿಗೆ ಆ ಘಟ್ಟ ತಮ್ಮ ಅಡುಗೆಮನೆಯಷ್ಟೇ ಪರಿಚಯ. "ಇಲ್ಲಿ ಕಡಿದು, ಇಲ್ಲಿ ಸಲೀಸು, ಇಲ್ಲಿ ಬಿದ್ರೆ ಮೂಳೆ ಸಿಗಲ್ಲ" ಎಂದು ಗೊಣಗುತ್ತಾ ಕತ್ತರಿ ಆಡಿಸುತ್ತಿದ್ದರು. ಹಾಲಿನಪುಡಿ ಡಬ್ಬದ ಸುರಂಗ, ಬೆಂಕಿಪೊಟ್ಟಣದ ಬೋಗಿಗಳು, ಇಳಿಜಾರಿನ ತುಂಬ ಹಸಿರು ರಾಗಿಪೈರು. ಬೆಟ್ಟ ಪ್ರತಿ ವರ್ಷ ಜಾಗ ನುಂಗುತ್ತಾ ನುಂಗುತ್ತಾ, ಪಟ್ಟದ ರಾಜ-ರಾಣಿ ಮೂಲೆಯಲ್ಲಿ ಟಿಕೆಟ್ ಸಿಗದ ಪ್ರಯಾಣಿಕರ ಹಾಗೆ ನಿಂತಿರುತ್ತಿದ್ದರು.

ಆ ವರ್ಷದ ದಸರೆಗೆ ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಮುನಿಸ್ವಾಮಿ ನಾಯ್ಡು ಮೊಮ್ಮಗಳ ಕೈಹಿಡಿದುಕೊಂಡು ಗೊಂಬೆ ನೋಡಲು ಬಂದರು. ನಾಯ್ಡು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿ ನಿವೃತ್ತಿಯಾದವರು. ಮನೆಯಲ್ಲೂ ಪ್ಲಾಟ್‌ಫಾರಂ ದನಿಯಲ್ಲೇ ಮಾತು. ಅವರು ಬೀದಿಯಲ್ಲಿ "ಏಮ್ಮಾ, ಕಾಫಿ ಲೇಟಾ?" ಎಂದರೆ ಮೂರು ಮನೆಯ ಹೆಂಗಸರು ಒಲೆ ಹಚ್ಚುತ್ತಿದ್ದರು. ನನ್ನ ಸ್ಟಾಕಿಗೆ ಬಂದ ಅಮೂಲ್ಯ ಸೇರ್ಪಡೆ.

ಅವರು ಬಗ್ಗಿ ನೋಡಿದರು. ಇನ್ನೂ ಬಗ್ಗಿದರು. ಆಮೇಲೆ ನೆಲದ ಮೇಲೇ ಕೂತುಬಿಟ್ಟರು.

"ಸ್ವಾಮಿ, ಇದು ನಮ್ಮ ಕಲ್ಲುಬಾಗಿಲಲ್ವಾ?"

ರಾಯರ ಮುಖ ಮಹಾನವಮಿಯ ದೀಪದ ಹಾಗಾಯಿತು. "ನೀವು ನೋಡಿದೀರಾ?"

"ನೋಡೋದೇನು, ನನ್ನ ಮೊದಲ ಪೋಸ್ಟಿಂಗು! ಅಸಿಸ್ಟೆಂಟ್ ಆಗಿದ್ದೆ. ಇದೇ ನನ್ನ ಕ್ವಾರ್ಟರ್ಸು. ಇದು ನೀರಿನ ಟ್ಯಾಂಕು. ಮಗೂ, ನೋಡಿಲ್ಲಿ, ತಾತ ಇಲ್ಲೇ ನಿಂತು ಹಸಿರು ಬಾವುಟ ತೋರಿಸ್ತಿದ್ದಿದ್ದು." ಬೆರಳು ಹಳಿಯ ಗುಂಟ ಓಡಿ, ಗುಡ್ಡ ಹತ್ತಿ, ಮೇಲೆ ನಿಂತಿತು. "ಆದ್ರೆ ಸ್ವಾಮಿ, ಗುಡೀನ ಯಾಕೆ ಇಲ್ಲಿಟ್ಟಿದೀರ?"

"ಇಟ್ಟಿಲ್ಲ. ಅದು ಇರೋದೇ ಅಲ್ಲಿ."

"ಇಲ್ಲ ಇಲ್ಲ. ಇದು ಬಟ್ಟೆ ಒಣಗಿಸೋ ಬಂಡೆ. ಗುಡಿ ಇದರ ಹಿಂದೆ, ಇನ್ನೊಂದು ನೆತ್ತಿ ಬರುತ್ತಲ್ಲ, ಅದರ ಮೇಲೆ."

"ರೀ ನಾಯ್ಡು, ನಾನು ಅಳೆದಿದೀನಿ."

"ನಾನು ಹತ್ತಿದೀನಿ ಸ್ವಾಮಿ. ಪ್ರತಿ ಶನಿವಾರ. ನಿಮಗೆ ಪುಸ್ತಕ ಹೇಳಿರಬಹುದು, ನನಗೆ ಮಂಡಿ ಹೇಳುತ್ತೆ."

ಗೊಂಬೆ ನೋಡಲು ಬಂದವರೆಲ್ಲ ಚರ್ಪಿನ ತಿಂಡಿ ಕೈಯಲ್ಲೇ ಹಿಡಿದು ನಿಂತರು. ರಾಯರು ನಕ್ಕರು, ಆದರೆ ಅರ್ಧ ತುಟಿಯಲ್ಲಿ. "ಬಟ್ಟೆ ಅಂದ್ರೆ ಎಂಥ ಬಟ್ಟೆ?"

"ಪಂಚೆ. ಆ ಊರಲ್ಲಿ ಬಟ್ಟೆ ಒಣಗಲ್ಲ ಸ್ವಾಮಿ, ಅಣಬೆ ಬರುತ್ತೆ. ಗಾಳಿ ಬರೋ ಜಾಗ ಅದೊಂದೇ ಬಂಡೆ. ಹಳಿ ಬದಲಿಸೋ ನಮ್ಮ ಪಾಯಿಂಟ್ಸ್‌ಮನ್ನು ಪಂಚೇನ ಬಿದಿರುಗಳಕ್ಕೆ ಕಟ್ಟಿ ಬಂಡೆ ಮೇಲೆ ನೆಟ್ಟುಬಿಡ್ತಿದ್ದ. ಪಟಪಟ ಅಂತ ಒಣಗೋದು."

"ಬಿಳೀದಾ?"

"ಬಿಳೀದೇ. ಕೆಂಪಂಚು. ಮಾವ ಮದುವೇಲಿ ಕೊಟ್ಟಿದ್ದು." ನಾಯ್ಡು ಏನೋ ನೆನಪಾಗಿ ನಗತೊಡಗಿದರು. "ಆಗೆಲ್ಲ ಎದುರು ಗುಡ್ಡದಲ್ಲಿ ಒಬ್ಬ ಹುಚ್ಚ ಮಂಜಲ್ಲಿ ಛತ್ರಿ ಹಿಡ್ಕೊಂಡು ನಿಂತಿರೋನು. ನಾವು ಕೆಳಗಿಂದ ಕೈಬೀಸ್ತಿದ್ವಿ, ಅವನು ತಿರುಗೀನೂ ನೋಡ್ತಿರಲಿಲ್ಲ."

"ಆ ಹುಚ್ಚ ನಾನೇ" ಎಂದರು ರಾಯರು. ಹಾಗೆಂದು ಕೂತರು. ನಾಯ್ಡು ನಗು ನಿಂತಿತು. ರಾಯರು "ಕೆಂಪಂಚು" ಎಂದು ಒಮ್ಮೆ ತಮಗೆ ತಾವೇ ಹೇಳಿಕೊಂಡರು.

ಎಲ್ಲರೂ ಹೋದ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು. ಆ ಸಲ ಖಲಾಸಿಯನ್ನು ಗುಡಿಯ ನೆತ್ತಿಗೆ ಕಳಿಸಿದ್ದರಂತೆ. ಮಂಜು. ಒಂದು ಗುಡ್ಡದ ಮೇಲೆ ಕಾದು ಕಾದು, ಮಂಜು ಕ್ಷಣ ಬಿರಿದಾಗ ಬಿಳಿಬಾವುಟ ಕಂಡಿತು, ಗೆರೆ ಎಳೆದರು. ಮತ್ತೊಂದು ಗುಡ್ಡಕ್ಕೆ ಹೋದರು, ಅಲ್ಲೂ ಕಂಡಿತು, ಎಳೆದರು. ಬಾವುಟಕ್ಕೆ ಕೆಂಪಂಚು ಇದ್ದಂತೆ ಕಂಡದ್ದು ನಿಜ. ಖಲಾಸಿ ಹೊಸ ಬಟ್ಟೆ ಹರಿದಿದ್ದಾನೆ ಎಂದುಕೊಂಡರು. ಮೂರನೆಯ ಗೆರೆಗೆಂದು ಸುರಂಗದ ತಲೆಯ ಮೇಲಿನ ಬಂಡೆ ಹತ್ತುವ ಹೊತ್ತಿಗೆ ಮಳೆ ಹಿಡಿಯಿತು, ಡೇರೆ ಕಿತ್ತರು. "ಎರಡು ಚೆನ್ನಾಗೇ ಕೂಡಿದ್ವು ಕಣೋ. ಸಾಕು ಅಂದ್ಕೊಂಡೆ. ಊರಿಗೆಲ್ಲ ಮೂರನೇ ಗೆರೆ ಉಪದೇಶ ಮಾಡೋನು, ನನ್ನ ಬೆಟ್ಟ ನಿಂತಿರೋದು ನಾಯ್ಡು ಪಂಚೆ ಮೇಲೆ."

ಮೂವತ್ತು ವರ್ಷ ಯಾರಿಗೂ ತಿಳಿಯಲಿಲ್ಲವೇಕೆ ಎಂದರೆ, ಆ ಗುಡಿಗೆ ಹತ್ತುವವರಿಗೆ ದಾರಿ ಗೊತ್ತು. ದಾರಿ ಗೊತ್ತಿಲ್ಲದವರು ಹತ್ತುವುದಿಲ್ಲ. ನಕ್ಷೆ ಯಾರಿಗೆ ಬೇಕು? ಆದರೆ ವಿಷಯ ಅಷ್ಟಕ್ಕೇ ಮುಗಿಯುವ ಹಾಗಿರಲಿಲ್ಲ. ಅಡಿ ಮೈಲಿ ಹೋಗಿ ಮೀಟರು ಕಿಲೋಮೀಟರು ಬಂದಿದ್ದ ಕಾಲ. ಹಳೆಯ ಶೀಟುಗಳನ್ನೆಲ್ಲ ಹೊಸ ಅಳತೆಯಲ್ಲಿ ಮತ್ತೆ ಬರೆಯುತ್ತಿದ್ದೆವು. ಕಲ್ಲುಬಾಗಿಲು ಶೀಟು ನನ್ನ ಮೇಜಿನ ಮೇಲೇ ಇತ್ತು. ಸಂಕ್ರಾಂತಿಯ ಹೊತ್ತಿಗೆ ಅಚ್ಚಿಗೆ ಹೋಗಬೇಕು. ಹೋದರೆ ಪಂಚೆಯ ಗುಡಿ ಇನ್ನೊಂದು ತಲೆಮಾರು ಅಲ್ಲೇ ನಿಲ್ಲುತ್ತದೆ. ಹೇಳಿದರೆ, ರಾಯರು ಜೀವಮಾನವೆಲ್ಲ ಹೇಳಿಕೊಂಡು ಬಂದ ಒಂದೇ ಒಂದು ಮಾತು ಬಿದ್ದುಹೋಗುತ್ತದೆ.

ನಾನು ಬುದ್ಧಿವಂತಿಕೆ ತೋರಿಸಿದೆ. "ರಾಯರೇ, ನಕ್ಷೆ ಮೇಲೆ ಕಾಲಂಗುಲದ ವ್ಯತ್ಯಾಸ. ಟ್ರೇಸ್ ಮಾಡೋವಾಗ ಮೆತ್ತಗೆ ಆ ಕಡೆ ಸರಿಸಿಬಿಡ್ತೀನಿ. ನಿಮ್ಮ ಮಾತೂ ಉಳಿಯುತ್ತೆ, ಗುಡೀನೂ ಮನೆ ಸೇರುತ್ತೆ."

ಅವರು ನನ್ನ ಮೇಲೆ ರೇಗಿದ್ದು ಅದೊಂದೇ ಸಲ. "ನೋಡದೆ ಹಾಕಿದ ತಪ್ಪನ್ನ ನೋಡದೆ ತಿದ್ದೋದಾ? ಕತ್ತೆ!"

ಪದ್ಮಾವತಮ್ಮನವರು ಬಾಗಿಲಿನಲ್ಲಿ ನಿಂತು, "ಒಳಗಿರೋ ದೇವರೇ ಮೂವತ್ತು ವರ್ಷ ಸುಮ್ಮನಿದಾನೆ. ನಿಮಗ್ಯಾಕೆ?" ಎಂದರು.

"ಅವನು ಅಲ್ಲಿಲ್ಲವಲ್ಲೇ" ಎಂದರು ರಾಯರು.

ವಿಜಯದಶಮಿ ಕಳೆದ ಮರುದಿನವೇ ರಾಯರು ಕೋಟು ತೊಟ್ಟು, ನಾಯ್ಡು ಅವರನ್ನು ಸಾಕ್ಷಿಗೆ ಕರೆದುಕೊಂಡು ನಮ್ಮ ಕಚೇರಿಗೆ ಬಂದರು. ಹೆಡ್ ಡ್ರಾಫ್ಟ್ಸ್‌ಮನ್ನರು ಒಂದು ಕಾಲದಲ್ಲಿ ರಾಯರ ಕೈಕೆಳಗಿದ್ದವರು. ಎದ್ದು ನಿಂತು ಕುರ್ಚಿ ಕೊಟ್ಟರು, ಕಥೆ ಪೂರ್ತಿ ಕೇಳಿದರು, ಸೀಲಿಂಗ್ ನೋಡಿದರು, ಕೆಮ್ಮಿದರು.

"ರಾಯರೇ, ನಿಮ್ಮ ಮಾತು ನನಗೆ ವೇದವಾಕ್ಯ. ಆದ್ರೆ ಪಂಚೆ ಸಾಕ್ಷಿ ಮೇಲೆ ಬೆಟ್ಟ ಸರಿಸಿದ್ರೆ, ನಾಳೆ ಯಾರಾದ್ರೂ ಬಂದು ಲಂಗ ನೋಡಿ ಹೊಳೆ ತಿರುಗಿಸಿ ಅಂತಾರೆ. ಸ್ಥಳದಲ್ಲಿ ನೋಡಿದ ಅಳತೆ ಬೇಕು. ಈ ವರ್ಷ ಆ ಕಡೆ ಸರ್ವೆ ಪಾರ್ಟಿ ಹೋಗ್ತಾ ಇಲ್ಲ."

"ಹೋಗುತ್ತೆ" ಎಂದು ರಾಯರು ಎದ್ದರು.

ಮನೆಯಲ್ಲಿ ಒಂದು ಹಳೆಯ ಸರ್ವೆ ಹಲಗೆ ಇತ್ತು. ಕಚೇರಿಯ ತಿರಸ್ಕೃತ ಸಾಮಾನಿನ ಹರಾಜಿನಲ್ಲಿ ರಾಯರೇ ಪ್ರೀತಿಯಿಂದ ಕೊಂಡದ್ದು. ಪದ್ಮಾವತಮ್ಮನವರು ಅಷ್ಟೇ ಪ್ರೀತಿಯಿಂದ 'ಸಂಡಿಗೆ ಹಲಗೆ' ಮಾಡಿಕೊಂಡಿದ್ದರು. ಅದನ್ನು ಕೆರೆದು ತೊಳೆದು ಒಣಗಿಸಿ ಕಾಗದ ಹಚ್ಚಿದ ಮೇಲೂ ಇಂಗಿನ ವಾಸನೆ ಹೋಗಲಿಲ್ಲ.

"ಬೆಟ್ಟ ಹತ್ತೋ ಹಾಗಿಲ್ಲ" ಎಂದರು ಪದ್ಮಾವತಮ್ಮ.

"ಹತ್ತೋದೆಲ್ಲಿ ಬಂತೇ? ಪ್ಲಾಟ್‌ಫಾರಂ ಬೆಂಚಿಂದಲೇ ಗುಡಿ ಕಾಣುತ್ತೆ. ಕೂತೇ ಗೆರೆ ಎಳೀತೀನಿ." ರಾಯರು ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರು. ಸ್ಟೇಷನ್ನು ಇಲ್ಲಿ, ಗುಡಿ ಅಲ್ಲಿ, ನಡುವೆ ಅಡ್ಡ ಏನೂ ಇಲ್ಲ. ರಟ್ಟು ಕತ್ತರಿಸಿ ಕತ್ತರಿಸಿ ನಕ್ಷೆ ಓದಲು ಕಲಿತಿದ್ದ ಪದ್ಮಾವತಮ್ಮನವರು ಒಮ್ಮೆ ನೋಡಿ ಒಪ್ಪಿದರು. ಆದರೂ ನಾಯ್ಡು ಅವರನ್ನು ಕರೆದು, "ಇವರನ್ನ ಪ್ಲಾಟ್‌ಫಾರಂ ದಾಟೋಕೆ ಬಿಡಬೇಡಿ" ಎಂದು ಕಟ್ಟುನಿಟ್ಟು ಮಾಡಿದರು.

"ನಾನು ಸಿಗ್ನಲ್ ಕೊಡದೆ ಕದಲೋ ಹಾಗೇ ಇಲ್ಲಮ್ಮ" ಎಂದರು ನಾಯ್ಡು.

ದೀಪಾವಳಿಯ ಮಳೆ ತೆರಪಾದ ಮೇಲೆ ಮೂವರೂ ಹೊರಟೆವು. ಚಕ್ಕುಲಿ ಡಬ್ಬ, ಮೊಸರವಲಕ್ಕಿ, ಸಂಡಿಗೆ ಹಲಗೆ, ಮುಕ್ಕಾಲಿ. ಬೆಳಗಿನ ಜಾವ ಕಲ್ಲುಬಾಗಿಲಿನಲ್ಲಿ ಇಳಿದಾಗ ನಾಯ್ಡು ಪ್ಲಾಟ್‌ಫಾರಂಗೆ ನಮಸ್ಕಾರ ಮಾಡಿ, ಕರ್ತವ್ಯದ ಮೇಲಿದ್ದ ಎಳೆಯ ಮಾಸ್ಟರನ ಟೋಪಿ ಸರಿಮಾಡಿ, ಅವನಿಂದ ಬೈಸಿಕೊಂಡರು. ರಾಯರು ಬೆಂಚಿನ ಮೇಲೆ ಕೂತು ಎದುರಿನ ಗುಡ್ಡ ನೋಡಿದರು. ಪಂಚೆಯ ಬಂಡೆ ಕಾಣುತ್ತಿತ್ತು, ದೊಡ್ಡದಾಗಿ, ದನದ ಬೆನ್ನಿನ ಹಾಗೆ. ಅದರಾಚೆ ಆಕಾಶ. ಗುಡಿಯ ಸುಳಿವಿಲ್ಲ.

"ಇಲ್ಲಿಂದ ಕಾಣಲ್ಲ ಅಂತ ನಿಮಗೆ ಗೊತ್ತಿತ್ತು" ಎಂದೆ.

"ನಾಯ್ಡು ಹಿಂದೆ ಇದೆ ಅಂದಮೇಲೆ ಮುಂದಿಂದ ಹ್ಯಾಗೋ ಕಾಣುತ್ತೆ?" ಎಂದು ಅವರು ಎದ್ದು ನಿಂತರು. ಸುರಂಗದ ತಲೆಯ ಮೇಲಿನ ಬಂಡೆಯ ಕಡೆ ಕಣ್ಣು.

"ನಾನು ಹತ್ತಿ ಎಳ್ಕೊಂಡು ಬರ್ತೀನಿ ರಾಯರೇ. ನೀವಿಲ್ಲೇ ಕೂತಿರಿ, ನಿಮ್ಮ ದಮ್ಮಯ್ಯ."

"ನಿನ್ನ ಗೆರೆ ನಾನು ನಂಬಲ್ಲ. ನೀನು ಹುಟ್ಟಿದಾಗಿಂದ ಬೇರೆಯವರ ಗೆರೇನೇ ಎಳೆದೋನು." ಆಮೇಲೆ ದನಿ ತಗ್ಗಿಸಿ ಹೇಳಿದರು: "ಅವತ್ತು ಹತ್ತದೆ ಬಂದೆ ಕಣೋ. ಇವತ್ತೂ ಹತ್ತದೆ ಹೋಗ್ಲಾ?"

ನಾಯ್ಡು ನನ್ನ ಮುಖ ನೋಡಿದರು, ರಾಯರ ಮುಖ ನೋಡಿದರು. ಜೇಬಿನಿಂದ ಹಸಿರು ಬಣ್ಣದ ಕರವಸ್ತ್ರ ತೆಗೆದು, ಎರಡು ಸಲ ಬೀಸಿದರು.

ಹೋದದ್ದು ಗೂಡ್ಸ್ ಗಾಡಿಯ ಹಾಗೆ. ಮರಕ್ಕೊಂದು ಸ್ಟೇಷನ್ನು. ನಾನು ಹಲಗೆ ಹೊತ್ತು ಮುಂದೆ, ರಾಯರು ನಡುವೆ, ನಾಯ್ಡು ಹಿಂದಿನ ಗಾರ್ಡು. ರಾಯರ ಉಸಿರು ಸಿಳ್ಳೆ ಹಾಕುತ್ತಿತ್ತು. ಒಂದು ತಿರುವಿನಲ್ಲಿ ಮುಖ ಬಿಳಿಚಿ ಕಲ್ಲಿಗೆ ಒರಗಿದಾಗ ನನ್ನ ನಾಲಿಗೆಗೆ ಒಂದು ನಕಲೂ ಹೊಳೆಯಲಿಲ್ಲ. ನಾಯ್ಡು ಪಕ್ಕದಲ್ಲಿ ಕೂತು, ಮೆಲ್ಲಗೆ, ಹಳೆಯ ಕಾಲದಲ್ಲಿ ಈ ಏರಿನಲ್ಲಿ ಎರಡೆರಡು ಇಂಜಿನ್ನು ಹಾಕುತ್ತಿದ್ದ ಕಥೆ ಹೇಳಿದರು. ರಾಯರು ಕಣ್ಣುಮುಚ್ಚಿಯೇ, "ಹಿಂದಿಂದ ತಳ್ಳೋ ಇಂಜಿನ್ನು ಬಾಯಿ ಮುಚ್ಚಿಕೊಂಡಿದ್ರೆ ಒಳ್ಳೇದು" ಎಂದರು. ಬಣ್ಣ ಬಂತು. ಮತ್ತೆ ಹೊರಟೆವು. ಸುರಂಗದ ತಲೆಯ ಬಂಡೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ.

ಮೇಲೆ ಗುಡಿಯ ಬದಿಗೆ ಮಂಜು ಕಾಯುತ್ತಾ ಕೂತಿತ್ತು. ಹಲಗೆ ನಿಲ್ಲಿಸಿ, ಮಟ್ಟ ನೋಡಿ, ಹಳೆಯ ಗುಡ್ಡಗಳಿಗೆ ಗುರಿಹಿಡಿದು ಹೊಂದಿಸಿ, ಮೊಸರವಲಕ್ಕಿ ತಿಂದು, ಕಾದೆವು. ಆಮೇಲೆ ಯಾರೋ ಪರದೆ ಸರಿಸಿದ ಹಾಗೆ ಆ ಬದಿ ತೆರೆಯಿತು. ಎರಡನೆಯ ನೆತ್ತಿಯ ಮೇಲೆ, ನಾಯ್ಡು ಅವರ ಮಂಡಿ ಹೇಳಿದ್ದ ಜಾಗದಲ್ಲೇ, ಅವರೆಕಾಳಿನಷ್ಟು ಗುಡಿ. ರಾಯರು ಬಗ್ಗಿ, ಪಟ್ಟಿಯ ಗುಂಟ ನೋಡಿ, ಪೆನ್ಸಿಲ್ ಎಳೆದರು. ಗೆರೆ ಹಳೆಯ ಗುರುತಿನ ಹತ್ತಿರಕ್ಕೂ ಹೋಗದೆ ದೂರ ಹಾದುಹೋಯಿತು.

ನಾನು ಅವರ ಮುಖ ನೋಡಲು ಹೆದರಿ ಕಾಗದವನ್ನೇ ನೋಡುತ್ತಿದ್ದೆ. ಆಗ ನಗು ಕೇಳಿಸಿತು. ಹೊಟ್ಟೆಯಿಂದ ಬಂದ, ಹುಡುಗರ ನಗು. "ಎಷ್ಟು ದೂರ ಬಿಟ್ಟಿದೀನಿ ನೋಡೋ! ನಾಯ್ಡು, ಎಲ್ರೀ ನಿಮ್ಮ ಬಂಡೆ?" ನಾಯ್ಡು ತೋರಿಸಿದರು. ಬಂಡೆಯ ಮೇಲೆ ಯಾರದೋ ಹಳದಿ ಸೀರೆ ಹಾರಾಡುತ್ತಿತ್ತು. "ಅವತ್ತೂ ಸೀರೆ ಹಾಕಿದ್ದಿದ್ರೆ ಬಚಾವಾಗ್ತಿದ್ದೆ" ಎಂದರು ರಾಯರು. "ನನಗೆ ಆಗಿನ್ನೂ ಸಂಸಾರ ಬಂದಿರಲಿಲ್ಲ ಸ್ವಾಮಿ, ಬರೀ ಪಂಚೆ ಬಂದಿತ್ತು" ಎಂದರು ನಾಯ್ಡು. ಇಬ್ಬರೂ ಭುಜ ಭುಜ ತಟ್ಟಿಕೊಂಡು ನಕ್ಕರು. ಇಳಿಯುವಾಗ ಇನ್ನೊಂದೆರಡು ಕಡೆಯಿಂದಲೂ ಗೆರೆ ಹಾಕಿ ಗುಡಿಯನ್ನು ಅದರ ಜಾಗದಲ್ಲಿ ಕೂರಿಸಿದರು.

ಮನೆಗೆ ಬಂದಾಗ ಪದ್ಮಾವತಮ್ಮನವರ ಮೊದಲ ಪ್ರಶ್ನೆ: "ಹತ್ತಲಿಲ್ಲ ತಾನೇ?"

"ಪ್ಲಾಟ್‌ಫಾರಂ ಬೆಂಚು ಸವೆದುಹೋಯ್ತಮ್ಮ" ಎಂದರು ನಾಯ್ಡು, ಇಡೀ ಬ್ಲಾಕಿಗೆ ಕೇಳುವಂತೆ. ನಾನು ನಲ್ಲಿಯಲ್ಲಿ ಬಹಳ ಹೊತ್ತು ಕಾಲು ತೊಳೆದುಕೊಂಡೆ.

ಹೆಡ್ ಡ್ರಾಫ್ಟ್ಸ್‌ಮನ್ನರು ಹಲಗೆಯ ಕಾಗದವನ್ನು ಮೂಸಿ ನೋಡಿ, "ಇಂಗು?" ಎಂದರು. ಆಮೇಲೆ ಗೆರೆ ನೋಡಿದರು, ಸೀಲಿಂಗ್ ನೋಡಿದರು. ಶೀಟು ಅಚ್ಚಿಗೆ ಹೋಗುವುದು ನಿಂತಿತು. ಮೇಲಿನವರು, ಅವರ ಮೇಲಿನವರು ಒಪ್ಪಬೇಕು. ಸರ್ಕಾರದ ಬೆಟ್ಟ ನಿಧಾನವಾಗಿ ಸರಿಯುತ್ತದೆ. ರಾಯರಿಗೆ ಅದರ ಚಿಂತೆ ಇರಲಿಲ್ಲ. ಅವರು ಅಷ್ಟರಲ್ಲಿ ಹೊಸ ಮಾತು ಹೊಸೆದುಕೊಂಡಿದ್ದರು. ಬಂದವರನ್ನೆಲ್ಲ ಗೋಡೆಯ ನಕ್ಷೆಯ ಮುಂದೆ ನಿಲ್ಲಿಸಿ, "ಇದರಲ್ಲಿ ಇದ್ದದ್ದೇ ಒಂದು ತಪ್ಪು. ಅದನ್ನೂ ನಾನೇ ಹಿಡಿದೆ" ಎನ್ನುತ್ತಿದ್ದರು. ಎದುರುಮನೆ ಜಗುಲಿಯಿಂದ, "ಹಿಡಿದಿದ್ದು ನಾನು!" ಎಂದು ಪ್ಲಾಟ್‌ಫಾರಂ ದನಿ ಬರುತ್ತಿತ್ತು. ಎರಡು ದಸರಾ ಇದೇ ಜಗಳದಲ್ಲಿ ಕಳೆದವು. ಬೆಟ್ಟವನ್ನು ಮಾತ್ರ ರಾಯರು ಹಳೆಯ ನಕ್ಷೆಯಂತೆಯೇ ಕಟ್ಟಿಸಿದರು. "ಹೊಸಾದು ಅಚ್ಚಾಗಿ ಬರಲಿ, ಆಮೇಲೆ ರಟ್ಟು ಕತ್ತರಿಸೋಣ" ಎಂದರು.

ಅಚ್ಚಾಗಿ ಬರುವ ಮೊದಲೇ, ಒಂದು ಮಧ್ಯಾಹ್ನ, ಊಟ ಮುಗಿಸಿ ಒರಗಿದವರು ಹಾಗೆಯೇ ಹೋದರು. ಹಿಂದಿನ ಸಂಜೆ ನನ್ನಿಂದ ನಾಯ್ಡು ಅವರನ್ನು ಮಾಡಿಸಿ, ನಾಯ್ಡು ಅವರ ಎದುರಿಗೇ, "ಈ ಸಲ ಆಳು ಬಂದ ಕಣೋ" ಎಂದು ಪಾಸು ಮಾಡಿದ್ದರು. ನಾನು ಪರೀಕ್ಷೆಯಲ್ಲಿ ಪಾಸಾದದ್ದು ಕಡಿಮೆ, ಇದು ನೆನಪಿದೆ.

ಕೆಲವು ತಿಂಗಳ ಮೇಲೆ ಹೊಸ ಶೀಟು ಬಂತು. ಒಂದು ಪ್ರತಿ ತೆಗೆದುಕೊಂಡು ಹೋದೆ. ನಾಯ್ಡು ಅವರೂ ಬಂದರು. ಪದ್ಮಾವತಮ್ಮನವರು ನಡುಮನೆಯ ಚಾಪೆಯ ಮೇಲೆ ಹಾಳೆ ಹಾಸಿ, ಕನ್ನಡಕ ಹಾಕಿಕೊಂಡು ನೋಡತೊಡಗಿದರು. ಗುಡಿ ತನ್ನ ನೆತ್ತಿಗೆ ಹೋಗಿ ಕೂತಿತ್ತು. ಅದರ ಸುತ್ತಲ ಗೆರೆಗಳೂ ಹೊಸದಾಗಿ ಸುತ್ತಿಕೊಂಡಿದ್ದವು.

"ಇದು ಸ್ಟೇಷನ್ನು" ಎಂದರು.

"ಹೌದಮ್ಮ."

"ಇದು ಗುಡಿ." ಬೆರಳನ್ನು ಸ್ಟೇಷನ್ನಿನಿಂದ ಗುಡಿಯ ಕಡೆ ಎಳೆದುಕೊಂಡು ಹೋದರು. ನಡುವೆ ಗೆರೆಗಳು ಒತ್ತೊತ್ತಾಗಿದ್ದ ಕಡೆ ಬೆರಳು ನಿಂತಿತು. "ಮಧ್ಯೆ ಈ ಬಂಡೆ ಎದ್ದಿದೆಯಲ್ಲೋ. ಇಷ್ಟು ದೊಡ್ಡದು ಅಡ್ಡ ಇದ್ರೆ ಬೆಂಚಿಂದ ಗುಡಿ ಹ್ಯಾಗೆ ಕಾಣುತ್ತೆ?"

ನಾಯ್ಡು ಕೆಮ್ಮಿದರು. ಆ ಕೆಮ್ಮನ್ನು ನಾನು ಇವತ್ತಿಗೂ ಯಾರಿಗೂ ಮಾಡಿ ತೋರಿಸಿಲ್ಲ.

"ಹತ್ತಿದಾರೆ" ಎಂದರು ಪದ್ಮಾವತಮ್ಮ. ಕೋಪವಿರಲಿಲ್ಲ. "ಕಳ್ಳ. ಕಾಣುತ್ತೆ ಕಣೇ ಅಂತ ಗೋಡೆ ಮೇಲೆ ಬೆರಳಿಟ್ಟು ತೋರಿಸಿದ್ರು. ಸುಸ್ತಾಯ್ತಾ?"

"ಆಯ್ತಮ್ಮ. ಒಂದು ಕಡೆ ಬಹಳ ಹೊತ್ತು ಕೂತಿದ್ರು" ಎಂದೆ.

"ಮೇಲೆ ಹೋದ್ಮೇಲೆ?"

"ನಕ್ಕರು. ಜೋರಾಗಿ."

ಅವರು ಹಾಳೆಯ ಸುರುಳಿ ಎದ್ದ ಅಂಚನ್ನು ಅಂಗೈಯಿಂದ ಒತ್ತಿದರು. "ಯಾವ ಬಂಡೆ ಮೇಲೆ ನಿಂತಿದ್ರು? ತೋರಿಸು."

ಸುರಂಗದ ತಲೆಯ ಮೇಲೆ ಬೆರಳಿಟ್ಟು ತೋರಿಸಿದೆ. ಪದ್ಮಾವತಮ್ಮನವರು ನನ್ನ ಕೈ ಸರಿಸಿ, ಕನ್ನಡಕ ಮೇಲಕ್ಕೆ ತಳ್ಳಿಕೊಂಡು, ಸ್ಟೇಷನ್ನಿನ ಹತ್ತಿರದಿಂದ ಶುರುಮಾಡಿ, ಒಂದೊಂದೇ ಗೆರೆ ದಾಟುತ್ತಾ, ಬೆರಳಿನಲ್ಲಿ ನಿಧಾನವಾಗಿ ಹತ್ತತೊಡಗಿದರು.